ಶ್ರದ್ಧೆಯುಂಟು, ಅವಧಾನವಿಲ್ಲ: ‘ಒಥೆಲೋ’ ರುದ್ರನಾಟಕದ ಒಂದು ವಿವೇಚನೆ

ಷೇಕ್ಸ್‌ಪಿಯರ್ ಮಹಾಕವಿಯ ಮಹಾ ರುದ್ರನಾಟಕಗಳಲ್ಲಿ ‘ಒಥೆಲೋ’ಗೆ ಒಂದು ವಿಶಿಷ್ಟವಾದ ಸ್ಥಾನವಿದೆ. ‘ಹ್ಯಾಮ್ಲೆಟ್’, ‘ಲಿಯರ್’, ‘ಮ್ಯಾಕ್‌ಬೆತ್’ ನಾಟಕಗಳಲ್ಲಿ ಸಿಂಹಾಸನಗಳು ಅಲುಗುತ್ತವೆ, ರಾಜ್ಯಗಳು ತತ್ತರಿಸುತ್ತವೆ. ‘ಒಥೆಲೋ’ದಲ್ಲಿ ಅಂತಹದೇನೂ ಇಲ್ಲ. ತುರ್ಕರ ನೌಕಾಬಲವು ಎರಡನೆಯ ಅಂಕದ ಆರಂಭದಲ್ಲಿಯೇ ಬಿರುಗಾಳಿಗೆ ಸಿಕ್ಕಿ ನಾಶವಾಗುತ್ತದೆ. ಹೊರಗಿನ ಯುದ್ಧ ಅಲ್ಲಿಗೆ ಮುಗಿಯುತ್ತದೆ. ಮುಂದೆ ಉಳಿಯುವುದು ಒಂದು ಮನೆ, ಹೊಸದಾಗಿ ಮದುವೆಯಾದ ಸತಿಪತಿಗಳು, ಅವರ ನಡುವೆ ಸುಳಿಯುವ ಒಬ್ಬ ಚಾಡಿಕೋರ. ಇಷ್ಟು ಕಿರಿದಾದ ಆವರಣದಲ್ಲಿ ನಡೆಯುವ ವಿನಾಶವು ರಾಜ್ಯನಾಶಕ್ಕಿಂತಲೂ ಘೋರವಾಗಿ ತೋರುತ್ತದೆ. ಏಕೆಂದರೆ ಅಲ್ಲಿ ಅಳಿಯುವುದು ಮನುಷ್ಯನು ಮನುಷ್ಯನಲ್ಲಿಟ್ಟ ನಂಬುಗೆ.

1604ರ ನವೆಂಬರ್ 1ರಂದು ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನ ಅರಮನೆಯಲ್ಲಿ ಪ್ರದರ್ಶನಗೊಂಡುದಕ್ಕೆ ದಾಖಲೆಯಿರುವ ಈ ನಾಟಕವು ಅಚ್ಚಾದುದು 1622ರಲ್ಲಿ, ಕವಿಯು ತೀರಿಕೊಂಡು ಆರು ವರ್ಷಗಳಾದ ಮೇಲೆ. ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಮೈಸೂರು ಅರಮನೆಯ ಆಸ್ಥಾನಕವಿಗಳಾಗಿ ‘ಅಭಿನವ ಕಾಳಿದಾಸ’ರೆಂದು ಖ್ಯಾತರಾದ ಬಸವಪ್ಪ ಶಾಸ್ತ್ರಿಗಳು (1843–1891) ಇದನ್ನು ‘ಶೂರಸೇನ ಚರಿತೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ‘ಶಾಕುಂತಲ’ವನ್ನು ಕನ್ನಡಿಸಿದ ಲೇಖನಿಯೇ ‘ಒಥೆಲೋ’ದ ಕಥೆಗೂ ಒಲಿದುದು ಗಮನಾರ್ಹ. ಅಲ್ಲಿಯೂ ಗಂಡನು ನಿರಪರಾಧಿಯಾದ ಹೆಂಡತಿಯನ್ನು ನಿರಾಕರಿಸುತ್ತಾನೆ; ಅಲ್ಲಿಯೂ ಒಂದು ಸಣ್ಣ ವಸ್ತು ಕಳೆದುಹೋಗಿ ದೊಡ್ಡ ಅನರ್ಥಕ್ಕೆ ಕಾರಣವಾಗುತ್ತದೆ. ಆದರೆ ದುಷ್ಯಂತನ ಉಂಗುರ ಮೀನಿನ ಹೊಟ್ಟೆಯಿಂದ ಮರಳಿ ಬರುತ್ತದೆ. ಡೆಸ್ಡಿಮೋನಾಳ ಕೈವಸ್ತ್ರ ಮರಳಿ ಬರುವುದು ಅವಳನ್ನು ಕೊಲ್ಲುವ ಸಾಕ್ಷ್ಯವಾಗಿ.

ಕಥೆಯ ಸಾರ ಇಷ್ಟು. ವೆನಿಸ್ ಗಣರಾಜ್ಯದ ಸೇನಾಪತಿಯಾದ ಒಥೆಲೋ ಪರದೇಶದ ಮೂರ್ ಜನಾಂಗದವನು. ಸೆನೆಟ್ ಸದಸ್ಯ ಬ್ರಬಾನ್ಷಿಯೋವಿನ ಮಗಳು ಡೆಸ್ಡಿಮೋನಾ ತಂದೆಗೆ ತಿಳಿಸದೆ ಅವನನ್ನು ವರಿಸುತ್ತಾಳೆ. ಉಪಸೇನಾನಿಯ ಪದವಿ ಕ್ಯಾಸಿಯೋವಿಗೆ ದೊರೆತುದರಿಂದ ಕುದಿಯುತ್ತಿರುವ ಧ್ವಜಧಾರಿ ಇಯಾಗೋ, ಡೆಸ್ಡಿಮೋನಾಳಿಗೂ ಕ್ಯಾಸಿಯೋವಿಗೂ ಕಳ್ಳ ಸಂಬಂಧವಿದೆಯೆಂಬ ಸುಳ್ಳನ್ನು ಒಥೆಲೋವಿನ ಮನಸ್ಸಿನಲ್ಲಿ ಬಿತ್ತುತ್ತಾನೆ. ಒಥೆಲೋ ಹೆಂಡತಿಯನ್ನು ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಸತ್ಯ ತಿಳಿದ ಮೇಲೆ ತಾನೂ ಇರಿದುಕೊಂಡು ಸಾಯುತ್ತಾನೆ.

ಇಟಲಿಯ ಚಿಂತಿಯೋ 1565ರಲ್ಲಿ ಪ್ರಕಟಿಸಿದ ಮೂಲಕಥೆಯಲ್ಲಿ ಧ್ವಜಧಾರಿಗೆ ಇರುವುದು ಒಂದೇ ಉದ್ದೇಶ: ತನ್ನ ಮೋಹಕ್ಕೆ ಒಲಿಯದ ಹೆಣ್ಣಿನ ಮೇಲೆ ಸೇಡು. ಷೇಕ್ಸ್‌ಪಿಯರ್ ಇದನ್ನು ಬದಲಿಸಿದನು. ಅವನ ಇಯಾಗೋ ಒಮ್ಮೆ ಪದವಿಯ ಮಾತಾಡುತ್ತಾನೆ, ಮತ್ತೊಮ್ಮೆ ತನ್ನ ಹೆಂಡತಿ ಎಮಿಲಿಯಾಳೊಡನೆ ಒಥೆಲೋ ಮಲಗಿದ್ದನೆಂಬ ಶಂಕೆಯನ್ನು ಹೇಳುತ್ತಾನೆ. ಆ ಶಂಕೆ ನಿಜವೋ ಸುಳ್ಳೋ ತಿಳಿಯದಿದ್ದರೂ, ನಿಜವೆಂದೇ ಹಿಡಿದು ನಡೆಯುವೆನೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಈತನು ಕೇಡಿಗೆ ಕಾರಣ ಹುಡುಕುತ್ತಾನೆಯೇ ಹೊರತು ಕಾರಣದಿಂದ ಕೇಡಿಗೆ ಇಳಿದವನಲ್ಲವೆಂಬ ಕೋಲರಿಜನ ಅಭಿಪ್ರಾಯ ಪ್ರಸಿದ್ಧವಾದುದು. ಆದರೂ ಒಂದು ಅಂಶವನ್ನು ಮರೆಯುವಂತಿಲ್ಲ. ಈ ನಾಟಕದಲ್ಲಿ ಮತ್ಸರದ ಮೊದಲ ರೋಗಿ ಒಥೆಲೋ ಅಲ್ಲ, ಇಯಾಗೋ. ಶಂಕೆಯನ್ನೇ ನಿಶ್ಚಯವೆಂದು ಭಾವಿಸುವ ತನ್ನ ರೋಗವನ್ನೇ ಅವನು ಒಡೆಯನಿಗೆ ಅಂಟಿಸುತ್ತಾನೆ.

ಅಂಟಿಸುವ ಬಗೆ ಬಹು ಸೂಕ್ಷ್ಮವಾದುದು. ರೋಡರಿಗೋವಿನಂತಹ ದಡ್ಡನನ್ನು ಅವನ ದುರಾಸೆಯಿಂದಲೇ ಹಿಡಿಯುವ ಇಯಾಗೋ, ಉಳಿದವರನ್ನು ಹಿಡಿಯುವುದು ಅವರವರ ಸದ್ಗುಣಗಳಿಂದ. ಡೆಸ್ಡಿಮೋನಾಳ ಕರುಣೆ ಕ್ಯಾಸಿಯೋವಿನ ಪರವಾಗಿ ಬೇಡುವಂತೆ ಮಾಡುತ್ತದೆ. ಆ ಬೇಡಿಕೆಯೇ ಅವಳ ಮೇಲಿನ ಅಪವಾದಕ್ಕೆ ಆಧಾರವಾಗುತ್ತದೆ. ಕ್ಯಾಸಿಯೋವಿನ ಸೌಜನ್ಯ ಕಳ್ಳತನದಂತೆ ಕಾಣುತ್ತದೆ. ಗಂಡನ ಮಾತನ್ನು ನಡೆಸಬೇಕೆಂಬ ಎಮಿಲಿಯಾಳ ವಿಧೇಯತೆ ಕೈವಸ್ತ್ರವನ್ನು ಅವನ ಕೈಗೆ ಸೇರಿಸುತ್ತದೆ. ತನ್ನಂತೆಯೇ ಪರರೂ ನೇರವೆಂದು ತಿಳಿಯುವ ಒಥೆಲೋವಿನ ಋಜುತ್ವವೇ ಅವನ ಕಣ್ಣಿಗೆ ಕಟ್ಟಿದ ಬಟ್ಟೆಯಾಗುತ್ತದೆ. ಒಂದು ಕೈವಸ್ತ್ರವನ್ನು ನೆಚ್ಚಿ ರುದ್ರನಾಟಕ ಕಟ್ಟುವುದುಂಟೇ ಎಂದು ಥಾಮಸ್ ರೈಮರ್ 1693ರಲ್ಲಿ ಪರಿಹಾಸ ಮಾಡಿದನು. ಆದರೆ ಕೈವಸ್ತ್ರ ಕ್ಷುಲ್ಲಕವಾದಷ್ಟೂ ನಾಟಕದ ಸತ್ಯ ಹೆಚ್ಚು ತೀಕ್ಷ್ಣವಾಗುತ್ತದೆ. ಮನಸ್ಸು ಮೊದಲೇ ಸೋತಿದ್ದರೆ ಸಾಕ್ಷ್ಯಕ್ಕೆ ಅಂಗೈ ಅಗಲದ ಬಟ್ಟೆಯೂ ಸಾಕು.

ಮನಸ್ಸು ಸೋಲುವುದು ಮೂರನೆಯ ಅಂಕದ ಮೂರನೆಯ ದೃಶ್ಯದಲ್ಲಿ. ಅಲ್ಲಿ ಇಯಾಗೋ ಆರೋಪವನ್ನು ನೇರವಾಗಿ ಮಾಡುವುದಿಲ್ಲ. ಅರ್ಧ ಮಾತಾಡಿ ನಿಲ್ಲಿಸುತ್ತಾನೆ. ಒಥೆಲೋವಿನ ಮಾತನ್ನೇ ಮರುನುಡಿಯುತ್ತಾನೆ. ಮತ್ಸರಕ್ಕೆ ಒಳಗಾಗಬೇಡಿರೆಂದು ಬುದ್ಧಿಯನ್ನೂ ಹೇಳುತ್ತಾನೆ. ತಂದೆಯನ್ನು ವಂಚಿಸಿದವಳು ಗಂಡನನ್ನೂ ವಂಚಿಸಿಯಾಳೆಂದು ಬ್ರಬಾನ್ಷಿಯೋ ಹಿಂದೆ ಎಚ್ಚರಿಸಿದ್ದುದನ್ನು ನೆನಪಿಸುತ್ತಾನೆ. ವೆನಿಸ್ಸಿನ ಹೆಂಗಸರ ನಡತೆ ತನಗೆ ಗೊತ್ತು ಎನ್ನುವಲ್ಲಿ, ಒಥೆಲೋ ಪರದೇಶಿ, ಅವನಿಗೆ ಗೊತ್ತಿಲ್ಲ ಎಂಬುದನ್ನು ಸೂಚಿಸುತ್ತಾನೆ. ಬಣ್ಣ, ವಯಸ್ಸು, ದೇಶಗಳಿಂದ ತಾನು ಬೇರೆಯವನೆಂಬ ಅಳುಕು ಒಥೆಲೋವಿನ ಒಳಗೆ ಮೊದಲೇ ಇತ್ತು. ಚಾಡಿಮಾತು ಹೊಸ ನೋವನ್ನು ಉಂಟುಮಾಡಲಿಲ್ಲ, ಹಳೆಯ ಗಾಯವನ್ನು ಹುಡುಕಿಕೊಂಡಿತು.

ಇಲ್ಲಿ ಮೊದಲನೆಯ ಅಂಕದ ಸಭಾದೃಶ್ಯವನ್ನು ನೆನೆಯಬೇಕು. ಒಥೆಲೋ ಮಾಟಮಂತ್ರದಿಂದ ತನ್ನ ಮಗಳನ್ನು ಒಲಿಸಿಕೊಂಡನೆಂದು ಬ್ರಬಾನ್ಷಿಯೋ ವೆನಿಸ್ಸಿನ ಅಧಿಪತಿಯ ಮುಂದೆ ದೂರು ತರುತ್ತಾನೆ. ಆಗ ಒಥೆಲೋ ಕೇಳಿಕೊಳ್ಳುವುದು ಒಂದೇ: ಆಕೆಯನ್ನು ಕರೆಸಿರಿ, ಆಕೆಯೇ ಹೇಳಲಿ. ಡೆಸ್ಡಿಮೋನಾ ಬರುತ್ತಾಳೆ, ಹೇಳುತ್ತಾಳೆ, ಒಥೆಲೋ ಗೌರವದಿಂದ ಪಾರಾಗುತ್ತಾನೆ. ತಾನು ಆರೋಪಿಯಾಗಿದ್ದಾಗ ಯಾವ ನ್ಯಾಯವನ್ನು ಬೇಡಿ ಪಡೆದನೋ ಆ ನ್ಯಾಯವನ್ನು ಅವನು ಹೆಂಡತಿಗೆ ಕೊಡಲಿಲ್ಲ. ನಾಲ್ಕನೆಯ ಅಂಕದಲ್ಲಿ ಎಮಿಲಿಯಾಳನ್ನೂ ಡೆಸ್ಡಿಮೋನಾಳನ್ನೂ ಪ್ರಶ್ನಿಸುತ್ತಾನೆ, ನಿಜ; ಆದರೆ ಅಷ್ಟರಲ್ಲಿ ತೀರ್ಪು ಆಗಿಹೋಗಿದೆ. ಎಮಿಲಿಯಾ ತನ್ನ ಆತ್ಮವನ್ನೇ ಪಣವಾಗಿಟ್ಟು ಒಡತಿಯ ಶೀಲಕ್ಕೆ ಸಾಕ್ಷಿ ನುಡಿದರೂ ಅದು ಅವನ ಕಿವಿಗೆ ಇಳಿಯುವುದಿಲ್ಲ. ಕೊನೆಯ ಅಂಕದ ಮಲಗುವ ಕೋಣೆಯಲ್ಲಿ ನ್ಯಾಯಾಧೀಶನೂ ಕೊಲೆಗಾರನೂ ಒಬ್ಬನೇ. ಆರೋಪಿ ನಿದ್ರಿಸುತ್ತಿದ್ದಾಳೆ, ಆರೋಪ ಮಾಡಿದವನು ಅಲ್ಲಿಲ್ಲ.

ಹಾಗಾದರೆ ಒಥೆಲೋ ನಂಬುಗೆಯಿಲ್ಲದವನೇ? ಅಲ್ಲ. ಮೂರನೆಯ ಅಂಕದ ಆ ದೃಶ್ಯದ ಕೊನೆಯಲ್ಲಿ ಒಥೆಲೋ, ಇಯಾಗೋ ಇಬ್ಬರೂ ಮೊಣಕಾಲೂರಿ ಶಪಥ ಮಾಡುತ್ತಾರೆ. ಮದುವೆಯ ಪ್ರತಿಜ್ಞೆಯ ಅಣಕದಂತಿರುವ ಆ ಗಳಿಗೆಯಲ್ಲಿ ನಾಟಕದ ಮರ್ಮವಿದೆ. ಒಥೆಲೋ ನಂಬುವುದನ್ನು ಬಿಡಲಿಲ್ಲ. ನಂಬುಗೆಯ ನೆಲೆಯನ್ನು ಹೆಂಡತಿಯಿಂದ ಧ್ವಜಧಾರಿಗೆ ಸಾಗಿಸಿದನು. ಹೆಂಡತಿಯ ವಿರುದ್ಧ ಕಣ್ಣಾರೆ ಕಾಣುವ ಸಾಕ್ಷ್ಯ ಬೇಕೆಂದು ಗದರಿದವನು ಕೊನೆಗೆ ಒಪ್ಪಿಕೊಂಡುದು ಇಯಾಗೋ ಹೇಳಿದ ಒಂದು ಕನಸಿನ ಕಥೆಯನ್ನು, ದೂರದಿಂದ ಕಂಡ ಕ್ಯಾಸಿಯೋವಿನ ನಗೆಯನ್ನು. ಇಯಾಗೋ ಪ್ರಾಮಾಣಿಕನೆಂಬುದಕ್ಕೆ ಮಾತ್ರ ಅವನು ಒಂದು ಸಾಕ್ಷ್ಯವನ್ನೂ ಕೇಳಲಿಲ್ಲ. ಶಂಕೆಯೆಂಬುದು ಅನೇಕ ವೇಳೆ ನಂಬುಗೆಯ ಅಭಾವವಲ್ಲ, ಅಪಾತ್ರನಲ್ಲಿಟ್ಟ ನಂಬುಗೆಯ ಫಲ.

ಷಟ್‌ಸ್ಥಲ ಸಿದ್ಧಾಂತವನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ವಿಚಾರ ಹೊಳೆಯದಿರದು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ ಎಂದು ಶರಣರು ಭಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದರು. ಆಂಗ್ಲ ಕವಿಗೆ ಈ ಪರಿಭಾಷೆ ಗೊತ್ತಿರಲಿಲ್ಲ. ಅವನ ಕೃತಿಯಲ್ಲಿ ಅದನ್ನು ಹುಡುಕುವುದೂ ಸಲ್ಲದು. ಆದರೆ ಅವನು ಚಿತ್ರಿಸಿದ ಮನಸ್ಸನ್ನು ಅಳೆಯಲು ಈ ಅಳತೆಗೋಲು ನೆರವಾಗುತ್ತದೆ. ಒಥೆಲೋವಿನಲ್ಲಿ ಶ್ರದ್ಧೆಯಿದೆ, ಅದೂ ಹೇರಳವಾಗಿ. ಗಾಳಿ ಬೀಸಿದಾಗ ಆ ಶ್ರದ್ಧೆಯನ್ನು ಅಲುಗದಂತೆ ನಿಲ್ಲಿಸುವ ನಿಷ್ಠೆಯಿಲ್ಲ. ಇಂದ್ರಿಯಗಳ ಮೂಲಕ ಬರುವುದನ್ನು ಎಚ್ಚರದಿಂದ ಪರಿಶೀಲಿಸಿ ಕೊಳ್ಳುವ ಅವಧಾನವಂತೂ ಇಲ್ಲವೇ ಇಲ್ಲ. ಪ್ರಸಾದಿಯ ಅವಧಾನ ನಾಲಿಗೆಗೆ ಮಾತ್ರ ಮೀಸಲಲ್ಲ, ಕಿವಿಗೂ ಬೇಕು. ತನ್ನ ವಿಷವನ್ನು ಒಥೆಲೋವಿನ ಕಿವಿಗೆ ಸುರಿಯುವೆನೆಂದು ಇಯಾಗೋ ಮೊದಲೇ ಹೇಳಿಕೊಂಡಿದ್ದಾನೆ. ಬಾಯಿಗೆ ಬಂದ ತುತ್ತನ್ನು ನೋಡಿ ಉಣ್ಣುವ ಮನುಷ್ಯ ಕಿವಿಗೆ ಬಂದ ಮಾತನ್ನು ನೋಡದೆ ನುಂಗುತ್ತಾನೆ.

ತಪ್ಪಿನ ಹೊಣೆ ಯಾರದೆಂಬ ಬಗ್ಗೆ ವಿಮರ್ಶಕರಲ್ಲಿ ಒಮ್ಮತವಿಲ್ಲ. 1904ರಲ್ಲಿ ಎ. ಸಿ. ಬ್ರಾಡ್ಲಿಯವರು ಒಥೆಲೋವನ್ನು ಉದಾತ್ತ ನಾಯಕನೆಂದು ಎತ್ತಿಹಿಡಿದರು, 1937ರಲ್ಲಿ ಎಫ್. ಆರ್. ಲೀವಿಸ್ ಅವರು ಅವನ ಆತ್ಮಾಭಿಮಾನವೇ ಮುಖ್ಯ ದೋಷವೆಂದು ವಾದಿಸಿದರು. ಎರಡರಲ್ಲಿಯೂ ಸತ್ಯಾಂಶವುಂಟು. ಒಥೆಲೋ ಉದಾತ್ತನಲ್ಲದಿದ್ದರೆ ಅವನ ಪತನ ನೋಯಿಸುತ್ತಿರಲಿಲ್ಲ. ಅವನು ನಿರ್ದೋಷಿಯಾಗಿದ್ದರೆ ಇಯಾಗೋ ಗೆಲ್ಲುತ್ತಿರಲಿಲ್ಲ. ಡೆಸ್ಡಿಮೋನಾಳೂ ಹೆದರಿ, ಕೈವಸ್ತ್ರ ಕಳೆದಿಲ್ಲವೆಂದು ಸುಳ್ಳಾಡಿದಳು. ಆದರೆ ಭಯದಿಂದ ಹುಟ್ಟಿದ ಆ ಸಣ್ಣ ಸುಳ್ಳಿಗೂ ಇಯಾಗೋ ಹೆಣೆದ ಬಲೆಗೂ ಅಜಗಜಾಂತರ. ಅದನ್ನು ಅರಿಯಲು ಬೇಕಾಗಿದ್ದುದು ಒಂದಿಷ್ಟು ತಾಳ್ಮೆ.

ಸತ್ಯವನ್ನು ಹೊರಗೆಡಹುವ ಪುಣ್ಯ ದಕ್ಕುವುದು ಸೇನಾಪತಿಗಲ್ಲ, ಸೆನೆಟ್ಟಿನ ಹಿರಿಯರಿಗಲ್ಲ, ಸೇವಕಿ ಎಮಿಲಿಯಾಳಿಗೆ. ಕೈವಸ್ತ್ರವನ್ನು ಗಂಡನಿಗೆ ಕೊಟ್ಟವಳೂ ಅವಳೇ, ಆ ಗುಟ್ಟನ್ನು ಗಂಡನ ಇದಿರಿನಲ್ಲಿಯೇ ಸಾರಿದವಳೂ ಅವಳೇ. ಬಾಯಿ ಮುಚ್ಚೆಂಬ ಗಂಡನ ಆಜ್ಞೆಯನ್ನು ಮೀರಿ ಆಡಿದ ಮಾತಿಗೆ ಅವಳು ಪ್ರಾಣವನ್ನೇ ತೆರುತ್ತಾಳೆ. ಡೆಸ್ಡಿಮೋನಾಳಾದರೋ ಕೊನೆಯುಸಿರಿನಲ್ಲಿಯೂ ಗಂಡನನ್ನು ದೂರದೆ ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾಳೆ. ನಿಷ್ಠೆಯ ನೆಲೆ ಯಾವುದೆಂದು ಕವಿ ಇಲ್ಲಿ ತೋರಿಸಿದ್ದಾನೆ. ನಾಟಕವಿಡೀ ಮಾತಿನಿಂದಲೇ ಕೊಂದ ಇಯಾಗೋ ಕೊನೆಯಲ್ಲಿ ಇನ್ನು ಮಾತಾಡೆನೆಂದು ಮೌನ ತಳೆಯುತ್ತಾನೆ. ಅವನಿಂದ ಉತ್ತರ ಸಿಗುವುದಿಲ್ಲ. ಕಿವಿಗೆ ಚಾಡಿ ಬಿದ್ದಾಗ, ಯಾರ ಮೇಲೆ ಅದು ಬಿದ್ದಿತೋ ಅವರನ್ನು ಕರೆದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಆ ಒಂದು ಮಾತನ್ನು ವೇಳೆ ಮೀರುವ ಮೊದಲು ಕೇಳದೆ ಹೋದುದೇ ‘ಒಥೆಲೋ’ ನಾಟಕದ ರುದ್ರತೆ.