ಎಲಿಸನ್ನನ ಮುನಿಸು

ಹೆತ್ತವರಿಗೆ ಹೆಗ್ಗಣ ಮುದ್ದೆಂಬುದು ಲೋಕೋಕ್ತಿ. ಊರೆಲ್ಲ ಮುದ್ದಾಡಿದ ಕೂಸನ್ನು ಹೆತ್ತವನೇ ತನ್ನದಲ್ಲವೆಂದು ನೂಕಿದ ಪ್ರಸಂಗ ಅಪೂರ್ವವಾದುದು. 1967ರ ಏಪ್ರಿಲ್ 6ರಂದು ಅಮೆರಿಕದ ಎನ್‌ಬಿಸಿ ಜಾಲದಲ್ಲಿ ಪ್ರಸಾರವಾದ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಕಂತನ್ನು ‘ಸ್ಟಾರ್ ಟ್ರೆಕ್’ ಮಾಲಿಕೆಯ ಅತ್ಯುತ್ತಮ ಕೃತಿಯೆಂದು ರಸಿಕರು ಕೊಂಡಾಡಿದಷ್ಟೂ, ಅದರ ಕರ್ತೃವಾದ ಹಾರ್ಲನ್ ಎಲಿಸನ್ನನ ಕೋಪವು ತುಪ್ಪ ಹೊಯ್ದ ಬೆಂಕಿಯಂತೆ ಏರುತ್ತಲೇ ಹೋಯಿತು. ಆ ಮಾಲಿಕೆಯು ಮೊದಲ ವರ್ಷದಲ್ಲಿಯೇ ನಿಂತುಹೋದೀತೆಂಬ ಭಯವಿದ್ದಾಗ, 1966ರ ಡಿಸೆಂಬರಿನಲ್ಲಿ, ಫ್ರಾಂಕ್ ಹರ್ಬರ್ಟ್, ಥಿಯಡೋರ್ ಸ್ಟರ್ಜನ್ ಮೊದಲಾದ ಲೇಖಕರೊಡನೆ ಸೇರಿ ಅದರ ರಕ್ಷಣೆಗಾಗಿ ಪತ್ರ ಹೊರಡಿಸಿದವನೂ ಈತನೇ.

ಕಥೆಯ ಬೀಜ ಸರಳವಾದುದು. ಕಾಲದ್ವಾರವೊಂದನ್ನು ದಾಟಿ ಹೋದ ಸಹಚರನಿಂದ ಇತಿಹಾಸವೇ ಕದಡಿಹೋಗಲು, ಅದನ್ನು ಸರಿಪಡಿಸಹೊರಟ ನೌಕಾನಾಯಕ ಕರ್ಕ್ ಮತ್ತು ಅವನ ಮಿತ್ರ ಸ್ಪಾಕ್ 1930ರ ನ್ಯೂಯಾರ್ಕಿಗೆ ಬರುತ್ತಾರೆ. ಆರ್ಥಿಕ ಕುಸಿತದ ಆ ದುರ್ದಿನಗಳಲ್ಲಿ ಹಸಿದವರಿಗೆ ಗಂಜಿ ಹೊಯ್ಯುತ್ತಿದ್ದ ಈಡಿತ್ ಕೀಲರ್ ಎಂಬ ಸಾಧ್ವಿಯಲ್ಲಿ ಕರ್ಕನಿಗೆ ಪ್ರೇಮ ಮೂಡುತ್ತದೆ. ಆಕೆ ಬದುಕಿದರೆ ಆಕೆಯ ಶಾಂತಿಚಳವಳಿಯಿಂದ ಅಮೆರಿಕವು ಯುದ್ಧಕ್ಕಿಳಿಯುವುದು ತಡವಾಗಿ ಹಿಟ್ಲರನೇ ಗೆಲ್ಲುವನು. ಆದುದರಿಂದ ಆಕೆ ಸಾಯಲೇಬೇಕು. ಶಾಂತಿಯನ್ನು ಬಯಸಿದುದೇ ಆಕೆಯ ಅಪರಾಧ! ಇಂಥ ಧರ್ಮಸಂಕಟವನ್ನು ಕಲ್ಪಿಸಿದ ಕೀರ್ತಿ ಸಂಪೂರ್ಣವಾಗಿ ಎಲಿಸನ್ನನಿಗೇ ಸಲ್ಲತಕ್ಕದ್ದು.

ಆದರೆ ಜೀನ್ ಕೂನ್, ಸ್ಟೀವನ್ ಕಾರಬಾಟ್ಸೋಸ್, ಡೊರೊಥಿ ಫಾಂಟಾನ, ಕಡೆಗೆ ಮಾಲಿಕೆಯ ಜನಕನಾದ ಜೀನ್ ರಾಡನ್‌ಬೆರಿ, ಹೀಗೆ ಹಲವು ಕೈಗಳು ಹಸ್ತಪ್ರತಿಯ ಮೇಲಾಡಿದುವು. ಮೂಲದಲ್ಲಿ ಇತಿಹಾಸವನ್ನು ಕೆಡಿಸುವವನು ಬೆಕ್‌ವಿತ್ ಎಂಬ ಮಾದಕದ್ರವ್ಯದ ವ್ಯಾಪಾರಿ, ತನ್ನ ಗುಟ್ಟು ಬಲ್ಲ ಸಂಗಾತಿಯನ್ನೇ ಕೊಂದ ಪಾತಕಿ. ಪ್ರಸಾರವಾದ ಪಾಠದಲ್ಲಿ ಸಜ್ಜನನಾದ ವೈದ್ಯ ಮೆಕಾಯ್ ಆಕಸ್ಮಿಕವಾಗಿ ಸೂಜಿ ಚುಚ್ಚಿಕೊಂಡು ಉನ್ಮತ್ತನಾಗುತ್ತಾನೆ. ಮನುಷ್ಯನ ದುಷ್ಟತನದಿಂದ ಲೋಕ ಕದಡಿತೆಂಬುದಕ್ಕೂ, ಕೈತಪ್ಪಿದ ಸೂಜಿಯಿಂದ ಕದಡಿತೆಂಬುದಕ್ಕೂ ಇರುವ ಅಂತರ ಅಲ್ಪವೇ? ಭವಿಷ್ಯದ ನಾವೆಯಲ್ಲಿ ಕೆಡುಕರಿರಲಾರರೆಂಬ ರಾಡನ್‌ಬೆರಿಯ ನಂಬಿಕೆ ಉದಾತ್ತವಾದುದೇ ಸರಿ. ಕಥೆಗೆ ಮಾತ್ರ ಅದು ಉಪ್ಪಿಲ್ಲದ ಅಡುಗೆ.

ಇನ್ನೂ ದೊಡ್ಡ ನಷ್ಟವೆಂದರೆ ‘ಟ್ರೂಪರ್’ ಎಂಬವನ ಲೋಪ. ವರ್ಡನ್ ಯುದ್ಧದಲ್ಲಿ ಎರಡು ಕಾಲುಗಳನ್ನೂ ಕಳೆದುಕೊಂಡು ಬೀದಿಯಲ್ಲಿ ಬದುಕುವ ಈ ಮುದಿ ಯೋಧನು ಕರ್ಕನಿಗೆ ನೆರವಾಗಹೋಗಿ ಸಾಯುತ್ತಾನೆ. ಈಡಿತಳ ಸಾವಿನ ಮೇಲೆ ಜಗತ್ತೇ ನಿಂತಿದ್ದರೆ, ಇವನ ಸಾವಿನಿಂದ ಕಾಲಪ್ರವಾಹದಲ್ಲಿ ಒಂದು ತೆರೆಯೂ ಏಳುವುದಿಲ್ಲ. ಎಲಿಸನ್ನನ ಕರುಣರಸದ ನಿಜವಾದ ಕೇಂದ್ರ ಇಲ್ಲಿದೆಯೆಂದು ನನ್ನ ಮತ.

ಆದರೆ ಉಪಸಂಹಾರದಲ್ಲಿ ನಾನು ಎಲಿಸನ್ನನ ಪಕ್ಷವನ್ನು ಬಿಡುತ್ತೇನೆ. ಮೂಲದಲ್ಲಿ ಈಡಿತಳ ಮೇಲೆ ವಾಹನ ಬಂದೆರಗುವ ಕ್ಷಣಕ್ಕೆ ಕರ್ಕ್ ನಿಶ್ಚೇಷ್ಟಿತನಾಗುತ್ತಾನೆ. ಆಕೆಯನ್ನುಳಿಸಲು ನುಗ್ಗುವವನು ಪಾತಕಿ ಬೆಕ್‌ವಿತ್, ಅವನನ್ನು ತಡೆಯುವವನು ಸ್ಪಾಕ್. ಸೊಗಸಾದ ವಿಪರ್ಯಾಸವಿದು, ಒಪ್ಪಿದೆ. ಆದರೆ ನಾಯಕನ ಕೈ ಶುಭ್ರವಾಗಿಯೇ ಉಳಿಯಿತಲ್ಲ! ಪ್ರಸಾರವಾದ ಕಂತಿನಲ್ಲಿ ಓಡುವ ಮೆಕಾಯನನ್ನು ಕರ್ಕನೇ ತಬ್ಬಿ ಹಿಡಿಯುತ್ತಾನೆ; ಪ್ರಿಯೆಯ ಸಾವಿಗೆ ಪ್ರಿಯಕರನ ತೋಳೇ ಸಾಧನವಾಗುತ್ತದೆ. ದುರಂತನಾಯಕನಿಗೆ ಒಪ್ಪುವುದು ಇದೇ.

ಕಲಹದ ಮಿಕ್ಕ ಕಥೆ ಅಷ್ಟು ರಮ್ಯವಲ್ಲ. ತನ್ನ ಹೆಸರನ್ನು ತೆಗೆದು ‘ಕಾರ್ಡ್‌ವೇನರ್ ಬರ್ಡ್’ ಎಂಬ ಕಲ್ಪಿತನಾಮವನ್ನು ಹಾಕಬೇಕೆಂದು ಎಲಿಸನ್ ಕೇಳಿದನು, ರಾಡನ್‌ಬೆರಿ ಒಪ್ಪಲಿಲ್ಲ. 1968ರಲ್ಲಿ ಕಂತಿಗೆ ಹ್ಯೂಗೋ ಪ್ರಶಸ್ತಿ ದೊರೆತರೆ, ಮೂಲಪಾಠಕ್ಕೆ ಅಮೆರಿಕದ ಲೇಖಕರ ಸಂಘದ ಪ್ರಶಸ್ತಿ ಬಂದಿತು. ವಿದ್ವಜ್ಜನರೇ ಇಬ್ಬಗೆಯಾದ ಬಳಿಕ ಜಗಳ ತೀರುವುದೆಂತು? ಎಲಿಸನ್ ತನ್ನ ಕಥೆಯಲ್ಲಿ ನೌಕೆಯ ಯಂತ್ರಜ್ಞನಾದ ಸ್ಕಾಟಿಯಿಂದ ಮಾದಕದ್ರವ್ಯ ಮಾರಿಸಿದ್ದನೆಂದು ರಾಡನ್‌ಬೆರಿ ಹೇಳಿದುದುಂಟು. ಮೂಲಪಾಠದಲ್ಲಿ ಸ್ಕಾಟಿ ಎಂಬ ಪಾತ್ರವೇ ಇಲ್ಲ. ಈ ಸುಳ್ಳಿಗೆ ಉತ್ತರವಾಗಿ ಎಲಿಸನ್ 1996ರಲ್ಲಿ ಮೂಲವನ್ನು ಪುಸ್ತಕವಾಗಿ ತಂದು ಉದ್ದನೆಯ ಮುನ್ನುಡಿಯಲ್ಲಿ ಹಳೆಯ ಹಗೆಯನ್ನೆಲ್ಲ ಕಾರಿದನು. ಆ ವೇಳೆಗೆ ರಾಡನ್‌ಬೆರಿ ತೀರಿಹೋಗಿ ಐದು ವರ್ಷವಾಗಿತ್ತು. 2009ರಲ್ಲಿ ಕಂತಿನ ಗಳಿಕೆಯ ಪಾಲಿಗಾಗಿ ದಾವೆ ಹೂಡಿ, ಅದೇ ವರ್ಷ ರಾಜಿಯಾದನು.

ಕುತೂಹಲವುಳ್ಳ ಓದುಗರು ಮೊದಲು ಕಂತನ್ನು ನೋಡಲಿ, ಅನಂತರ ಮೂಲಪಾಠವನ್ನೋದಲಿ. ಮುನ್ನುಡಿಯನ್ನು ಕಟ್ಟಕಡೆಗೆ ಇಟ್ಟುಕೊಳ್ಳಲಿ.