ಎದೆಗಿಂತ ಎಲುಬು ನಿಧಾನ

ಓಟ ಬಿಟ್ಟು ಏಳೆಂಟು ವರ್ಷ ಕಳೆದವರು ನಮ್ಮ ದಾವಣಗೆರೆಯಲ್ಲಿ ಮತ್ತೆ ಶೂ ಕಟ್ಟುವುದು ಹೆಚ್ಚಾಗಿ ದೀಪಾವಳಿ ಕಳೆದ ಮೇಲೆ. ಮಳೆ ಹಿಂದೆ ಸರಿದಿರುತ್ತದೆ, ಬೆಳಗಿನ ಐದೂವರೆಯ ಗಾಳಿಗೆ ತಂಪು ಬಂದಿರುತ್ತದೆ. ಹೈಸ್ಕೂಲ್ ಮೈದಾನದಲ್ಲಿ, ಜಿಲ್ಲಾ ಕ್ರೀಡಾಂಗಣದಲ್ಲಿ, ಕುಂದುವಾಡ ಕೆರೆಯ ಏರಿಯ ಮೇಲೆ ಹೊಸ ಮುಖಗಳು ಕಾಣತೊಡಗುತ್ತವೆ. ಅವರಲ್ಲಿ ಎಂದೂ ಓಡದವರು ಯಾರು, ಹಿಂದೆ ಓಡಿ ಬಿಟ್ಟವರು ಯಾರು ಎಂಬುದು ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ. ಎಂದೂ ಓಡದವರು ಅಂಜುತ್ತಾ ಹೊರಡುತ್ತಾರೆ. ಬಿಟ್ಟು ಬಂದವರ ತೋಳಿನ ಬೀಸು, ಹೆಜ್ಜೆಯ ಲಯ ಎಲ್ಲ ಹಳೆಯದೇ, ವೇಗವೂ ಹಳೆಯದೇ. ಡಿಸೆಂಬರ್ ಹೊತ್ತಿಗೆ ಅಂಜಿದವರು ಇನ್ನೂ ಓಡುತ್ತಿರುತ್ತಾರೆ, ಜೋರಾಗಿ ಹೊರಟವರಲ್ಲಿ ಬಹಳ ಮಂದಿ ಕಾಣುವುದಿಲ್ಲ. ಈ ವಾರದ ಬರಹ ಅವರಿಗಾಗಿ.

ಮರಳಿ ಬರುವವರಿಗೆ ಓಟ ಗೊತ್ತು. ಅವರ ಕಷ್ಟ ಶುರುವಾಗುವುದೇ ಅಲ್ಲಿಂದ. ಎಷ್ಟು ಓಡಿದರೆ ತೃಪ್ತಿ, ಎಲ್ಲಿ ಬೆವರೊಡೆಯಬೇಕು, ಯಾವ ಸುತ್ತಿನ ನಂತರ ಉಸಿರು ಹದಕ್ಕೆ ಬರುತ್ತದೆ ಎಂಬುದೆಲ್ಲ ಅವರ ನೆನಪಿನಲ್ಲಿದೆ. ಆ ನೆನಪು ಹಳೆಯ ದೇಹದ್ದು. ಈಗಿನ ದೇಹದಲ್ಲಿ ಒಂದೊಂದು ಅಂಗ ಒಂದೊಂದು ಗತಿಯಲ್ಲಿ ವಾಪಸಾಗುತ್ತದೆ. ಇದನ್ನು ಅರಿತವರು ಉಳಿಯುತ್ತಾರೆ.

ಮೊದಲು ಹೋಗುವುದು ದಮ್ಮು, ಮೊದಲು ಬರುವುದೂ ದಮ್ಮೇ. ಚೆನ್ನಾಗಿ ಪಳಗಿದ ಓಟಗಾರರು, ಸೈಕಲ್ ಪಟುಗಳು ಅಭ್ಯಾಸ ನಿಲ್ಲಿಸಿದರೆ ಏನಾಗುತ್ತದೆ ಎಂದು ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಅಳೆದು ನೋಡಿದರು. ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಮೂರು ವಾರದೊಳಗೆ ಶೇ 7ರಷ್ಟು, ಹನ್ನೆರಡು ವಾರಕ್ಕೆ ಶೇ 16ರಷ್ಟು ಕುಸಿದಿತ್ತು. ಆರಂಭದ ಇಳಿಕೆಗೆ ಮುಖ್ಯ ಕಾರಣ ರಕ್ತದ ದ್ರವಾಂಶ ಕಡಿಮೆಯಾಗಿ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ತಗ್ಗುವುದು. ಅದೇ ದ್ರವಾಂಶ ಅಭ್ಯಾಸ ಶುರುವಾದ ಕೆಲವೇ ದಿನಗಳಲ್ಲಿ ಏರತೊಡಗುತ್ತದೆ. ಹೀಗಾಗಿ ಮೂರನೆಯ ವಾರಕ್ಕೆ ಏದುಸಿರು ನಿಂತು, "ಹಳೇ ದಮ್ಮು ಬಂತು" ಅನ್ನಿಸುತ್ತದೆ.

ಬಂದಿರುವುದು ಎದೆಗೆ ಮಾತ್ರ. ಹಿಮ್ಮಡಿಯ ಮೇಲಿನ ಅಕಿಲಿಸ್ ನರ ಎಂದು ನಾವು ಕರೆಯುವುದು ನಿಜವಾಗಿ ನರವಲ್ಲ, ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ. ಒಂದು ಗಟ್ಟಿ ಓಟದ ನಂತರ ಮೊದಲ ಒಂದು–ಒಂದೂವರೆ ದಿನ ಅದರಲ್ಲಿ ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು. ಆಮೇಲಷ್ಟೇ ಕಟ್ಟುವ ಕೆಲಸ ಮೇಲುಗೈ ಪಡೆಯುತ್ತದೆ. ದಿನವೂ ಓಡಿದರೆ ಆ ಕೆಲಸಕ್ಕೆ ಸಮಯವೇ ಸಿಗದು. ಮೂಳೆ ಇನ್ನೂ ನಿಧಾನ. ಹೊಸ ಭಾರ ಬಿದ್ದಾಗ ಮೊದಲು ಹಳೆಯ ಮೂಳೆಯ ಕಣಗಳು ತೆಗೆಯಲ್ಪಡುತ್ತವೆ, ನಂತರ ಆ ಜಾಗದಲ್ಲಿ ಹೊಸ ಮೂಳೆ ಕೂಡುತ್ತದೆ. ಒಂದು ಸುತ್ತು ಮುಗಿಯಲು ಮೂರು–ನಾಲ್ಕು ತಿಂಗಳು. ಎಂದರೆ ದಮ್ಮು ಮರಳಿತೆಂದು ನೀವು ಹಿಗ್ಗುವ ವಾರಗಳಲ್ಲೇ ಮೊಣಕಾಲ ಕೆಳಗಿನ ಎಲುಬು ಮೊದಲಿಗಿಂತ ತುಸು ಬಡವಾಗಿರುತ್ತದೆ. ಮುಂಗಾಲು ನೋವು, ಹಿಮ್ಮಡಿ ನೋವು ಎಂದು ಓಟ ಬಿಡುವವರು ಹೆಚ್ಚಾಗಿ ಬಿಡುವುದು ಈ ಹೊತ್ತಿನಲ್ಲಿ.

ಹಾಗಾದರೆ ಎಷ್ಟು ನಿಧಾನ? ವಾರದಿಂದ ವಾರಕ್ಕೆ ಶೇ 10ಕ್ಕಿಂತ ಹೆಚ್ಚಿಸಬೇಡಿ ಎಂಬ ನಿಯಮ ಓಟಗಾರರ ಬಾಯಲ್ಲಿ ಬಹಳ ಕಾಲದಿಂದ ಇದೆ. ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್‌ನಲ್ಲಿ ಅದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. 532 ಹೊಸ ಓಟಗಾರರಲ್ಲಿ ಒಂದು ಗುಂಪು ಈ ನಿಯಮದಂತೆ 13 ವಾರ, ಇನ್ನೊಂದು ಗುಂಪು ಮಾಮೂಲಿ ಕ್ರಮದಲ್ಲಿ 8 ವಾರ ಅಭ್ಯಾಸ ಮಾಡಿತು. ಎರಡರಲ್ಲೂ ಐವರಲ್ಲಿ ಒಬ್ಬರಿಗೆ ಗಾಯವಾಯಿತು. ನಿಯಮ ಪಾಲಿಸಿದವರಿಗೆ ಅದರಿಂದ ರಕ್ಷಣೆ ಸಿಗಲಿಲ್ಲ.

ಈ ಒಗಟಿಗೆ ನನಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿದ್ದು 2025ರಲ್ಲಿ. ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು 5,205 ಓಟಗಾರರ ಕೈಗಡಿಯಾರದ ಲೆಕ್ಕವನ್ನು ನೋಡಿತು. ವಾರದಿಂದ ವಾರಕ್ಕೆ ಆಗುವ ಏರಿಕೆಗೂ ಗಾಯಕ್ಕೂ ಅಲ್ಲಿ ನಂಟು ಕಾಣಲಿಲ್ಲ. ನಂಟು ಕಂಡದ್ದು ಒಂದೇ ದಿನದ ಓಟಕ್ಕೆ. ಹಿಂದಿನ 30 ದಿನಗಳ ಅತಿ ಉದ್ದದ ಓಟಕ್ಕಿಂತ ಶೇ 10ರಿಂದ 30ರಷ್ಟು ಹೆಚ್ಚು ಓಡಿದ ದಿನ ಗಾಯದ ಸಂಭವ ಶೇ 64ರಷ್ಟು ಏರಿತು. ಅದರ ದುಪ್ಪಟ್ಟನ್ನೂ ಮೀರಿದ ದಿನ ಶೇ 128ರಷ್ಟು. ಎಂದರೆ ಕೆಡಿಸುವುದು ಹುಮ್ಮಸ್ಸಿನ ಒಂದು ಬೆಳಗು. ಮರಳಿ ಬರುವವರಿಗೆ ಇದು ನೇರವಾಗಿ ತಾಗುವ ಮಾತು. ಅವರ ಮನಸ್ಸಿನಲ್ಲಿರುವ "ಉದ್ದದ ಓಟ" ಹತ್ತು ಕಿಲೋಮೀಟರಿನದು, ಕಾಲುಗಳ ಲೆಕ್ಕದಲ್ಲಿ ಇರುವುದು ಕಳೆದ ತಿಂಗಳಿನದು ಮಾತ್ರ.

ಕೆ.ಬಿ. ಬಡಾವಣೆಯಲ್ಲಿ ಇರುವವರು ಎಲ್ಲಿ ಶುರು ಮಾಡಬೇಕು ಎಂದು ಕೇಳಿದರೆ, ಮನೆ ಮುಂದಿನ ಅಡ್ಡರಸ್ತೆಗಳಲ್ಲೇ ಎನ್ನುತ್ತೇನೆ. ಬಹಳ ಮಂದಿ ಮೊದಲ ದಿನವೇ ಸ್ಕೂಟರ್ ಹತ್ತಿ ಕುಂದುವಾಡಕ್ಕೆ ಹೋಗುತ್ತಾರೆ. ನೀರಿನ ಅಂಚು, ಹಕ್ಕಿಗಳು, ಪಕ್ಕದಲ್ಲೇ ಗಾಜಿನ ಮನೆ: ಊರಿನಲ್ಲಿ ಅದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ. ಆದರೆ ಕೆರೆ ಸುತ್ತುವ ದಾರಿಗೆ ಒಂದು ಗುಣವಿದೆ. ಅರ್ಧ ದಾರಿಯಲ್ಲಿ ಕಾಲು ಹಿಡಿದರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಕುಂಟುತ್ತಾ ಸುತ್ತು ಮುಗಿಸುವವರನ್ನು ಆ ಏರಿಯ ಮೇಲೆ ನೋಡಿದ್ದೇನೆ. ಬಡಾವಣೆಯ ರಸ್ತೆಗಳಲ್ಲಿ ನಾಲ್ಕು ತಿರುವು ತಿರುಗಿದರೆ ಮನೆ ಬಾಗಿಲು. ಯಾವ ಕ್ಷಣದಲ್ಲೂ ನಿಲ್ಲಿಸಬಹುದು. ಕಾಂಕ್ರೀಟ್ ರಸ್ತೆ ಗಟ್ಟಿ ಎಂಬ ಆಕ್ಷೇಪ ಸರಿಯೇ, ಅದಕ್ಕೇ ವಾರಕ್ಕೆ ಒಂದೆರಡು ದಿನ ಹೈಸ್ಕೂಲ್ ಮೈದಾನದ ಮಣ್ಣಿಗೆ ಹೋಗಿ. ಅಲ್ಲೂ ಒಂದು ಸುತ್ತಿಗೆ ಬಿಡುವ ಸ್ವಾತಂತ್ರ್ಯ ಇದೆ. ಕೆರೆಯನ್ನು ಮೂರನೆಯ ತಿಂಗಳಿಗೆ ಇಟ್ಟುಕೊಳ್ಳಿ.

ಕ್ರಮಕ್ಕೆ ಹೊಸದೇನನ್ನೂ ಹುಡುಕಬೇಕಿಲ್ಲ. ಅಮೆರಿಕದ ಜೋಶ್ ಕ್ಲಾರ್ಕ್ 1996ರಲ್ಲಿ, ಐವತ್ತು ದಾಟಿದ ತನ್ನ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು ವಾರದ ಒಂದು ಪಟ್ಟಿ ಮಾಡಿದರು. ವಾರಕ್ಕೆ ಮೂರು ದಿನ. ಮೊದಲ ವಾರ ಐದು ನಿಮಿಷ ಬಿರುಸು ನಡಿಗೆ, ನಂತರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ಕೊನೆಯ ವಾರಕ್ಕೆ ಅರ್ಧ ಗಂಟೆ ನಿಲ್ಲದ ಓಟ. ಮರಳಿ ಬರುವವರು ಇದರ ಪ್ರತಿ ವಾರವನ್ನೂ ಎರಡು ಸಲ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದೀಪಾವಳಿಗೆ ಹೊರಟರೆ ಶಿವರಾತ್ರಿಯ ಆಸುಪಾಸಿಗೆ ಅರ್ಧ ಗಂಟೆಯ ಓಟ ಕೈಗೆ ಬರುತ್ತದೆ. ಮೂಳೆಯ ಒಂದು ಸುತ್ತೂ ಅಷ್ಟರಲ್ಲಿ ಮುಗಿದಿರುತ್ತದೆ, ಬಿಸಿಲು ಏರುವ ಮುನ್ನ. ನಮ್ಮ ಊರಿನ ಏಪ್ರಿಲ್‌ನಲ್ಲಿ ಶುರು ಮಾಡುವುದು ಬೇಡ.

ನಡುವೆ ನಡೆಯುವುದನ್ನು ನಾಚಿಕೆ ಎಂದು ತಿಳಿಯುವವರು ಇದ್ದಾರೆ. 1972ರ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದ ಜೆಫ್ ಗ್ಯಾಲೊವೇ ತಮ್ಮ ಬದುಕಿನ ಬಹುಪಾಲನ್ನು ಓಟದ ನಡುವೆ ನಡೆಯುವುದನ್ನು ಕಲಿಸಲು ಕೊಟ್ಟರು. ನಮ್ಮೂರಿನ ಗರಡಿ ಮನೆಗಳಿಗೂ ಈ ಬುದ್ಧಿ ಹೊಸದಲ್ಲ. ದುರ್ಗಾಂಬಿಕಾ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಗೊತ್ತು: ಬಹಳ ದಿನ ಬಿಟ್ಟು ಬಂದ ಪೈಲ್ವಾನನನ್ನು ವಸ್ತಾದಿ ನೇರವಾಗಿ ಜೋಡಿಗೆ ಬಿಡುವುದಿಲ್ಲ. ದಂಡ, ಬೈಠಕ್ ಹೊಡೆಸಿ, ಮೈ ಹದವಾದ ಮೇಲೆ ಅಖಾಡ.

ವೇಗದ ಅಳತೆ ಮಾತು. ಜೊತೆಯವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಒಂದೆರಡು ಪದಕ್ಕೆ ಉಸಿರು ಕಡಿಯುತ್ತಿದ್ದರೆ ನಿಧಾನಿಸಿ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಅರವತ್ತರ ದಶಕದ ಆರಂಭದಲ್ಲಿ ಆಕ್ಲೆಂಡಿನ ಮಧ್ಯವಯಸ್ಕರನ್ನು, ಹೃದಯದ ತೊಂದರೆ ಕಂಡವರನ್ನೂ, ಇದೇ ಅಳತೆಯಲ್ಲಿ ಓಡಿಸಿದವರು. 1962ರ ಕೊನೆಗೆ ಅಲ್ಲಿಗೆ ಹೋದ ಅಮೆರಿಕದ ಪ್ರಖ್ಯಾತ ಕೋಚ್ ಬಿಲ್ ಬೋವರ್‌ಮನ್‌ಗೆ ಐವತ್ತೊಂದು ವಯಸ್ಸು. ಓಟ ಕಲಿಸುವುದೇ ಕಸುಬಾದ ಅವರು ಆ ಗುಂಪಿನೊಂದಿಗೆ ಹೊರಟು ಹಿಂದೆ ಬಿದ್ದರು. ಅವರನ್ನು ಮಾತಾಡಿಸುತ್ತಾ ಜೊತೆಗೆ ಬಂದದ್ದು ಎಪ್ಪತ್ತು ದಾಟಿದ, ಹೃದಯಾಘಾತಗಳಿಂದ ಉಳಿದಿದ್ದ ಹಿರಿಯರೊಬ್ಬರು. ಊರಿಗೆ ಮರಳಿದ ಬೋವರ್‌ಮನ್ ಒರೆಗಾನಿನ ಜನರಿಗೆ ಜಾಗಿಂಗ್ ಕಲಿಸಲು ಶುರು ಮಾಡಿದರು. ಅದೇ ಬೋವರ್‌ಮನ್ 1964ರಲ್ಲಿ ಫಿಲ್ ನೈಟ್ ಜೊತೆ ಕಟ್ಟಿದ ಕಂಪನಿ ಮುಂದೆ ನೈಕಿ ಆಯಿತು.

ಶೂ ಬಗ್ಗೆ ಒಂದೇ ಮಾತು. ಅಟ್ಟದ ಮೇಲಿನ ಹಳೆಯ ಜೋಡಿ ಮೇಲ್ನೋಟಕ್ಕೆ ಹೊಸದಾಗಿ ಕಂಡರೂ ಅದರ ಫೋಮ್ ಗಟ್ಟಿಯಾಗಿರುತ್ತದೆ, ಅಂಟು ಒಣಗಿರುತ್ತದೆ. ಹೊಸದು ಕೊಳ್ಳಿ, ದುಬಾರಿಯದೇ ಬೇಕಿಲ್ಲ.

"ಮೊಣಕಾಲು ಸವದ್ ಹೋಗ್ತಾವ್ರೀ, ಸುಮ್ನೆ ವಾಕಿಂಗ್ ಮಾಡ್ರಿ" ಎಂದು ಕಟ್ಟೆಯ ಮೇಲೆ ಕೂತ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೊಂಟ, ಮೊಣಕಾಲುಗಳ ಕೀಲು ಸವೆತ ಹವ್ಯಾಸಿ ಓಟಗಾರರಲ್ಲಿ ಶೇ 3.5, ಕೂತೇ ಇರುವವರಲ್ಲಿ ಶೇ 10.2 ಕಂಡಿತ್ತು. ಸ್ಪರ್ಧೆಗೆಂದೇ ಓಡುವವರಲ್ಲಿ ಮಾತ್ರ ಅದು ಶೇ 13.3. ಹವ್ಯಾಸವಾಗಿ ಓಡುವವರು ಈ ಅಂಜಿಕೆಯನ್ನು ಬಿಡಬಹುದು.

ಹೃದಯದ ಅಂಜಿಕೆ ಬೇರೆ, ಅದನ್ನು ಗೌರವದಿಂದ ಕೇಳಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ನಾಡಿನ ಮನೆಮನೆಯಲ್ಲೂ ವ್ಯಾಯಾಮದ ಬಗ್ಗೆ ದಿಗಿಲು ಹುಟ್ಟಿತು, ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ತಪಾಸಣೆ ಒಳ್ಳೆಯದು. ನಲವತ್ತು ದಾಟಿದವರು, ಬಿಪಿ–ಶುಗರ್ ಇರುವವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ಮೊದಲ ಓಟಕ್ಕೆ ಮುನ್ನ ವೈದ್ಯರನ್ನು ಕಾಣಲೇಬೇಕು. ಓಡುವಾಗ ಎದೆ ಬಿಗಿದರೆ, ದವಡೆಗೋ ತೋಳಿಗೋ ನೋವು ಹರಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಬೇಕು. ಆದರೆ ದಿಗಿಲಿನಿಂದ ಓಟ ಬಿಡುವವರು 1993ರ ಒಂದು ಅಮೆರಿಕನ್ ಅಧ್ಯಯನವನ್ನು ತಿಳಿದಿರಬೇಕು. ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ, ಅಪರೂಪಕ್ಕೆ ಮೈ ದಣಿಸುವವರಲ್ಲಿ ನೂರು ಪಟ್ಟಿಗೂ ಹೆಚ್ಚು ಏರುತ್ತದೆ. ವಾರಕ್ಕೆ ಐದು ಸಲ ದಣಿಸುವವರಲ್ಲಿ ಎರಡೂವರೆ ಪಟ್ಟಿನೊಳಗೇ ಉಳಿಯುತ್ತದೆ. ಅಪಾಯವಿರುವುದು ಅಭ್ಯಾಸವಿಲ್ಲದ ದೇಹವನ್ನು ಒಮ್ಮೆಲೇ ದುಡಿಸುವುದರಲ್ಲಿ. ಎಲುಬಿಗೆ ಹೇಳಿದ ನಿಧಾನ ಹೃದಯಕ್ಕೂ ಬೇಕು.

ಹೆರಿಗೆಯ ನಂತರ ಮರಳುವ ಹೆಣ್ಣುಮಕ್ಕಳ ಬಗ್ಗೆ ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಬಾಣಂತನ ಮುಗಿದು ತೊಟ್ಟಿಲ ಕೂಸನ್ನು ಅಮ್ಮನ ಕೈಗೆ ಕೊಟ್ಟು ನಸುಕಿನಲ್ಲಿ ಹೊರಡುವವರು ಕೆ.ಬಿ. ಬಡಾವಣೆಯಲ್ಲೂ ಇದ್ದಾರೆ. ಬ್ರಿಟನ್ನಿನ ಮೂವರು ಫಿಸಿಯೊಥೆರಪಿಸ್ಟ್‌ಗಳು 2019ರಲ್ಲಿ ಮಾಡಿದ ಮಾರ್ಗದರ್ಶಿ, ಹೆರಿಗೆಯಾಗಿ ಮೂರು ತಿಂಗಳು ತುಂಬುವ ಮೊದಲು ಓಟ ಬೇಡ ಎನ್ನುತ್ತದೆ. ಹೊಟ್ಟೆಯ ಕೆಳಗೆ ಭಾರ ಅನ್ನಿಸಿದರೆ, ಮೂತ್ರ ಸೋರಿದರೆ ಮೂರು ತಿಂಗಳಾಗಿದ್ದರೂ ನಿಲ್ಲಿಸಿ ತಜ್ಞರನ್ನು ಕಾಣಬೇಕು. ಇದು ಚಿಕಿತ್ಸೆಗೆ ಬಗ್ಗುವ ತೊಂದರೆ, ಸಹಿಸಿಕೊಳ್ಳಬೇಕಾದದ್ದಲ್ಲ.

ಕೊನೆಗೆ, ಮೈದಾನದಲ್ಲಿ ಈಗಾಗಲೇ ಚೆನ್ನಾಗಿ ಓಡುತ್ತಿರುವವರಲ್ಲಿ ನನ್ನದೊಂದು ಕೋರಿಕೆ ಇದೆ. ಮರಳಿ ಬಂದವರು ನಿಮ್ಮನ್ನು ನೋಡಿಯೇ ವೇಗ ಹೆಚ್ಚಿಸುತ್ತಾರೆ. ವಾರಕ್ಕೆ ಒಂದು ಬೆಳಗು ಅವರ ಪಕ್ಕದಲ್ಲಿ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ, ಮಾತಾಡುತ್ತಾ ಓಡಿ. ಅವರು ನಡೆಯಬೇಕಾದ ನಿಮಿಷ ಬಂದಾಗ ನೀವೂ ನಡೆಯಿರಿ.