ಆಂಪ್ ಇಲ್ಲದ ವೇದಿಕೆಗೆ ಯಾವ ಪೆಡಲ್?

ಬಿಡಿ ಪೆಡಲ್ ಕೊಳ್ಳಲೋ, ಎಲ್ಲ ಎಫೆಕ್ಟೂ ಒಂದರಲ್ಲೇ ಇರುವ ಮಲ್ಟಿ ಕೊಳ್ಳಲೋ ಎಂದು ಕೇಳುವ ಹುಡುಗರನ್ನು ನಾನು ಮೊದಲು ಕೇಳುವುದು, ‘ಎಲ್ಲಿ ನುಡಿಸ್ತೀಯಪ್ಪಾ?’ ಅಂತ. ಮೊನ್ನೆ ಕನಕಪುರದ ಹುಡುಗನೊಬ್ಬ ‘ಆರ್ಕೆಸ್ಟ್ರಾದಲ್ಲಿ ಸಾರ್’ ಎಂದ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ನಮ್ಮ ಕಡೆಯ ರಸಮಂಜರಿ ವೇದಿಕೆಗಳಲ್ಲಿ ಗಿಟಾರ್ ಆಂಪ್ ಅಪರೂಪ. ವೈರು ನೇರ ಮಿಕ್ಸರಿಗೆ ಹೋಗುತ್ತದೆ. ಮಾಗಡಿ ಹತ್ತಿರದ ಹಳ್ಳಿಯೊಂದರ ಗಣೇಶನ ಕಾರ್ಯಕ್ರಮಕ್ಕೆ ನಾನು ಒಮ್ಮೆ ಬಾಸ್ ಡಿಎಸ್-1 ಡಿಸ್ಟಾರ್ಷನ್ ಪೆಡಲ್ ಒಂದನ್ನೇ ನೆಚ್ಚಿಕೊಂಡು ಹೋಗಿದ್ದೆ. 1978ರಿಂದ ಬರುತ್ತಿರುವ ಆ ಕಿತ್ತಳೆ ಪೆಡಲ್ ಮನೆಯ ಆಂಪಿನಲ್ಲಿ ಎದೆ ತುಂಬುವಂತೆ ಮೊರೆಯುತ್ತಿತ್ತು. ಆ ವೇದಿಕೆಯಲ್ಲಿ ಜೇನುಹುಳುಗಳನ್ನು ಡಬ್ಬಿಯಲ್ಲಿ ಕೂಡಿಹಾಕಿದಂತೆ ಗುಂಯ್‌ಗುಟ್ಟಿತು. ಪೆಡಲಿನ ತಪ್ಪಲ್ಲ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಸದ್ದನ್ನು ತಾನೇ ಇಳಿಸಿಬಿಡುತ್ತದೆ. ಡಿಸ್ಟಾರ್ಷನ್ನಿನ ಕರ್ಕಶವೆಲ್ಲ ಅಲ್ಲಿ ಸೋಸಿಹೋಗುತ್ತದೆ. ವೇದಿಕೆಯ ಅಕ್ಕಪಕ್ಕ ಪೇರಿಸುವ ಸೌಂಡ್ ಬಾಕ್ಸ್‌ಗಳು ಅದನ್ನು ಹಾಗೇ ಜನರ ಕಿವಿಗೆ ಬಿಡುತ್ತವೆ. ಮಲ್ಟಿಯೊಳಗೆ ಆಂಪ್ ಸ್ಪೀಕರಿನ ಗುಣವನ್ನು ಹೋಲುವ ಕ್ಯಾಬಿನೆಟ್ ಸಿಮ್ಯುಲೇಷನ್ ಇರುತ್ತದೆ. ಅದೊಂದಕ್ಕಾದರೂ ವೇದಿಕೆಯವರು ಮಲ್ಟಿ ಇಟ್ಟುಕೊಳ್ಳಬೇಕು.

ಹಾಡುಗಳ ಲೆಕ್ಕವೂ ಇದೆ. 1981ರ ‘ಗೀತಾ’ದ ಇಳಯರಾಜಾ ಹಾಡು ಮುಗಿದ ಬೆನ್ನಿಗೇ 2006ರ ‘ಮುಂಗಾರು ಮಳೆ’ ಕೇಳುತ್ತಾರೆ. ಕೋರಸ್, ಡಿಲೇ, ಡ್ರೈವ್ ಮೂರನ್ನೂ ಬಿಡಿಯಾಗಿ ತುಳಿಯುವಷ್ಟರಲ್ಲಿ ಗಾಯಕ ಪಲ್ಲವಿ ಎತ್ತಿರುತ್ತಾನೆ. ಮಲ್ಟಿಯಲ್ಲಿ ಒಂದೇ ತುಳಿತ. ಆದರೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೆಲ್ಲನೆ ಕೂಡಿಸಿಟ್ಟ ಸೌಂಡನ್ನು ನಂಬಬೇಡಿ. ಸಣ್ಣ ದನಿಯಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ, ಆಗ ಅದನ್ನು ಏರಿಸಿಬಿಡುತ್ತೇವೆ. ವೇದಿಕೆಯಲ್ಲಿ ಅದೇ ಗದಗದ ಎನ್ನುತ್ತದೆ.

ಆದರೂ ಕಲಿಯುವವರ ಕೈಗೆ ನಾನು ಕೊಡುವುದು ಬಿಡಿ ಪೆಡಲನ್ನೇ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತುವುದನ್ನು ನೋಡಿ. ಉಜ್ಜುವ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ; ಎಷ್ಟು ಒತ್ತಬೇಕೆಂಬುದು ಕೈಗೆ ಗೊತ್ತು. ಓವರ್‌ಡ್ರೈವೂ ಹಾಗೆಯೇ. ಪಿಕ್ ಮೆಲ್ಲಗೆ ತಾಗಿಸಿದರೆ ತಿಳಿಯಾಗಿ, ಬಿಗಿಯಾಗಿ ಹೊಡೆದರೆ ಒಡೆದು ನುಡಿಯುತ್ತದೆ. ಮೂರೇ ಗುಂಡಿಗಳೊಡನೆ ಆರು ತಿಂಗಳು ಕೂತರೆ ಕೈ ಅದನ್ನು ಕಲಿಯುತ್ತದೆ. ನೂರು ಸೌಂಡಿನ ಮಲ್ಟಿ ಸಿಕ್ಕ ಹುಡುಗ ಬಟನ್ ಒತ್ತುತ್ತಲೇ ಸಂಜೆ ಕಳೆಯುತ್ತಾನೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಬಿಡಿ ಪೆಡಲ್ ಕೊಂಡರೆ ಅಡಾಪ್ಟರ್ ನೋಡಿಕೊಳ್ಳಿ: ಹೆಚ್ಚಿನವು 9 ವೋಲ್ಟಿನವು, ಪಿನ್ನಿನ ನಡುಭಾಗ ನೆಗೆಟಿವ್.

ಕನಕಪುರದ ಹುಡುಗನ ಹತ್ತಿರ ಆಗಲೇ ಒಂದು ಡಿಸ್ಟಾರ್ಷನ್ ಇತ್ತು. ಅದನ್ನು ಮಾರಬೇಡ ಎಂದೆ. ಗಿಟಾರಿನಿಂದ ಮೊದಲು ಆ ಪೆಡಲಿಗೆ, ಅಲ್ಲಿಂದ ಚಿಕ್ಕದೊಂದು ಮಲ್ಟಿಗೆ, ಆಮೇಲೆ ಮಿಕ್ಸರಿಗೆ. ಮಲ್ಟಿಯ ಸ್ವಂತ ಡ್ರೈವ್ ಆಫ್, ಕ್ಯಾಬಿನೆಟ್ ಮಾತ್ರ ಆನ್. ನನ್ನ ಹಳೆಯ ಡಿಎಸ್-1 ಈಗ ವೇದಿಕೆಯಲ್ಲಿ ನುಡಿಯುತ್ತಿರುವುದು ಹೀಗೆ.